ಸಾರಿನ ಪುಡಿ ಎಷ್ಟು ಕೆಜಿ ತರ್ಲಿ ಅಂತ ಕೇಳಿದ ಮೂಡಿಗೆರೆ ತಂಗಿಗೆ

"ಅಕ್ಕ, ಜೂನ್ ಕೊನೆಗೆ ಸ್ಪೇನಿನ ಸೆವಿಲ್‌ಗೆ ಓದೋಕೆ ಬರ್ತಿದೀನಿ. ನಾನು ಮಾಂಸ, ಮೀನು ತಿನ್ನಲ್ಲ. ಅಲ್ಲಿ ಟೊಮೆಟೊ ಸೂಪನ್ನ ತಣ್ಣಗೇ ಕುಡೀತಾರಂತೆ, ನಿಜಾನಾ? ಊಟಕ್ಕೆ ಏನು ಗತಿ? ಸಾರಿನ ಪುಡಿ ಎಷ್ಟು ಕೆಜಿ ತರ್ಲಿ?" ಅಂತ ಕೇಳಿದ್ದೀಯ. ನೀನು ಮೂಡಿಗೆರೆಯವಳು, ನಾನು ಹಾಸನದವಳು. ಇಷ್ಟು ದೂರ ಬಂದ ಮೇಲೆ ಅಕ್ಕಪಕ್ಕದ ಮನೆಯವರೇ ಆದೆವು ಅನ್ನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಓದ್ಕೋ.

ಪುಡಿ ಒಂದು ಕೆಜಿ ಸಾಕು ತಂಗಿ. ಹದಿನಾಲ್ಕು ವರ್ಷದ ಹಿಂದೆ ನಾನು ನಾಲ್ಕು ಕೆಜಿ ಹೊತ್ತುಕೊಂಡು ಬಂದಿದ್ದೆ. ಅರ್ಧ ಖಾಲಿಯಾಗುವಷ್ಟರಲ್ಲಿ ಉಳಿದದ್ದರ ಘಮ ಹೋಗಿ ಕೆಮ್ಮಣ್ಣಿನ ಹಾಗೆ ಆಗಿತ್ತು. ಇಂಗು ತಾ. ರಾಗಿ ಹಿಟ್ಟು ಖಂಡಿತ ತಾ. ತುಪ್ಪ ಬೇಡ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಹೊರಗಿನಿಂದ ಬರುವವರು ಯುರೋಪಿಯನ್ ಒಕ್ಕೂಟದೊಳಗೆ ಬ್ಯಾಗಲ್ಲಿ ತರುವ ಹಾಗಿಲ್ಲ. ಹಸಿ ಕರಿಬೇವೂ ಬೇಡ, ಒಣಗಿಸಿ ಪುಡಿ ಮಾಡಿಸಿಕೊಂಡು ಬಾ. ತೊಗರಿಬೇಳೆ, ಹುಣಸೆಹಣ್ಣು ಇಲ್ಲಿ ಏಷ್ಯಾದವರ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಹೊತ್ತು ತೂಕ ಯಾಕೆ ಕಳ್ಕೋತೀಯ?

ಈಗ ತಣ್ಣನೆ ಸೂಪಿನ ವಿಷಯ. ನಿಜ, ತಣ್ಣಗೇ ಕುಡಿಯುತ್ತಾರೆ. ಅದರ ಹೆಸರು ಗಸ್ಪಾಚೊ. ಬಂದ ಮೊದಲ ವಾರ ಅಂಗಡಿಯ ಫ್ರಿಜ್‌ನಲ್ಲಿ ಒಂದು ಲೀಟರಿನ ಪ್ಯಾಕೆಟ್ ಕಣ್ಣಿಗೆ ಬಿತ್ತು. ಮೇಲೆ ಟೊಮೆಟೊ ಚಿತ್ರ. ನನಗೋ ಭಾಷೆ ಬರಲ್ಲ. ಟೊಮೆಟೊ ಸಾರಿನ ಥರದ್ದೇ ಇರಬೇಕು, ಬಿಸಿ ಮಾಡಿ ಒಂದು ಒಗ್ಗರಣೆ ಹಾಕಿದರೆ ಅನ್ನಕ್ಕಾಯ್ತು ಅಂದುಕೊಂಡು ತಂದೆ. ಪಾತ್ರೆಗೆ ಸುರಿದು ಒಲೆ ಮೇಲಿಟ್ಟೆ. ಐದು ನಿಮಿಷಕ್ಕೆ ಎಣ್ಣೆ ಬೇರೆಯಾಗಿ ತೇಲಿತು. ತಳ ಗೋಂದಿನ ಹಾಗೆ ಹಿಡಿಯಿತು. ಸೌತೆಕಾಯಿ ಬೆಂದ ವಾಸನೆ ಬೇರೆ, ಜೊತೆಗೆ ವಿನೆಗರ್ ಹಬೆ ಕಣ್ಣಿಗೆ ನುಗ್ಗಿತು. ಕಿಟಕಿ ಬಾಗಿಲು ಎಲ್ಲ ತೆರೆದು ನಿಂತಿದ್ದೆ. ಮೇಲಿನ ಮನೆಯ ಅಜ್ಜಿ ಮೆಟ್ಟಿಲಿಳಿದು ಬಂದು ಏನೋ ಕೇಳಿದರು. ನಾನು ಸುಮ್ನೆ ಪಾತ್ರೆ ತೋರಿಸಿದೆ, ಪ್ಯಾಕೆಟ್ ತೋರಿಸಿದೆ. ಅಜ್ಜಿ ಎದೆ ಮೇಲೆ ಶಿಲುಬೆ ಬರೆದುಕೊಂಡರು. ಸುಳ್ಳಲ್ಲ.

ಮಾರನೇ ದಿನ ತಮ್ಮ ಅಡುಗೆಮನೆಗೆ ಕರೆದು ಮಾಡಿ ತೋರಿಸಿದರು. ಚೆನ್ನಾಗಿ ಹಣ್ಣಾದ ಟೊಮೆಟೊ ಒಂದು ಕೆಜಿ. ಸಣ್ಣದೊಂದು ಸೌತೆಕಾಯಿ. ಖಾರವೇ ಇಲ್ಲದ ಉದ್ದನೆಯ ಹಸಿರು ಮೆಣಸಿನಕಾಯಿ ಅರ್ಧ. ಬೆಳ್ಳುಳ್ಳಿ ಒಂದೇ ಎಸಳು. ಅದನ್ನು ಉದ್ದಕ್ಕೆ ಸೀಳಿ, ನಡುವಿನ ಹಸಿರು ಮೊಳಕೆಯನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಿ ತೆಗೆದುಹಾಕಿದರು. ಅದು ಉಳಿದರೆ ಸಂಜೆವರೆಗೂ ಬೆಳ್ಳುಳ್ಳಿ ತೇಗು ಅಂತ ಕೈಸನ್ನೆಯಲ್ಲೇ ಹೇಳಿದರು. ಆಮೇಲೆ ತಂಗಳು ಬ್ರೆಡ್ಡಿನ ಒಂದು ತುಂಡು, ನೀರಲ್ಲಿ ನೆನೆಸಿ ಹಿಂಡಿದ್ದು. ಹೆರೆಸ್ ಊರಿನ ವಿನೆಗರ್ ಎರಡು ಚಮಚ, ಉಪ್ಪು. ಒಲೆ ಹಚ್ಚುವ ಮಾತೇ ಇಲ್ಲ, ಎಲ್ಲ ಹಸಿ. ಇಲ್ಲಿ ಮನೆಮನೆಯಲ್ಲೂ ಬಾತಿದೋರ ಅಂತ ಒಂದು ಸಾಧನ ಇರುತ್ತದೆ. ಕರೆಂಟಿನ ಕಡಗೋಲು ಅಂತಿಟ್ಕೋ. ಅದನ್ನು ಇಳಿಸಿ ನುಣ್ಣಗೆ ಕಡೆದರು. ಕೊನೆಗೆ ಆಲಿವ್ ಎಣ್ಣೆಯನ್ನು ನೂಲಿನ ಹಾಗೆ ಬಿಡುತ್ತಾ ಇನ್ನೊಂದು ಸುತ್ತು. ಆಗ ನೋಡ್ಬೇಕು ನೀನು, ಕೆಂಪಗಿದ್ದದ್ದು ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಎಣ್ಣೆ, ನೀರು ಒಂದಕ್ಕೊಂದು ಹೊಂದಿಕೊಂಡಿದ್ದಕ್ಕೆ ಅದೇ ಗುರುತು. ಜರಡಿಯಲ್ಲಿ ಸೋಸಿ ಎರಡು ಗಂಟೆ ಫ್ರಿಜ್‌ನಲ್ಲಿಡಬೇಕು. ತಣ್ಣಗಾದ ಮೇಲೆ ಉಪ್ಪು ಇನ್ನೊಂದು ಸಲ ನೋಡು. ತಂಪಿಗೆ ನಾಲಿಗೆಗೆ ಉಪ್ಪು ಕಡಿಮೆ ಅನ್ನಿಸುತ್ತದೆ.

ಮೊದಲ ಲೋಟ ನನಗೆ ಹಿಡಿಸಲಿಲ್ಲ. ಟೊಮೆಟೊ ಚಟ್ನಿಗೆ ನೀರು ಜಾಸ್ತಿ ಬಿದ್ದ ಹಾಗಿತ್ತು. ಅಜ್ಜಿ ಎದುರು ನಿಂತಿದ್ದರು ಅಂತ ಕುಡಿದೆ ಅಷ್ಟೆ. ಹಿಡಿಸಿದ್ದು ಜುಲೈನಲ್ಲಿ. ಸೆವಿಲ್‌ನಲ್ಲಿ ಜುಲೈ, ಆಗಸ್ಟ್ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಚಿಕ್ಕಮಗಳೂರಲ್ಲಿ ಬೆಳೆದ ನಿನ್ನ ಮೈಗೆ ಅದು ಗೊತ್ತೇ ಇಲ್ಲ. ನಿಮ್ಮೂರಲ್ಲಿ ಮಳೆ ಹಿಡಿದು ಹಗಲೂ ಕಂಬಳಿ ಹೊದ್ದು ಕೂರುವ ತಿಂಗಳು, ಇಲ್ಲಿ ಬೀದಿಯಲ್ಲಿ ನಾಯಿಯೂ ಇರಲ್ಲ. ಮಧ್ಯಾಹ್ನ ಕಿಟಕಿಗಳ ಸುರುಳಿ ಪರದೆ ಪೂರ್ತಿ ಇಳಿಸಿ, ಮನೆ ಕತ್ತಲೆ ಮಾಡಿಕೊಂಡು ಕೂರುತ್ತಾರೆ. ಅಂಥ ಒಂದು ದಿನ ಮೂರು ಗಂಟೆಗೆ ಬಸ್ ಇಳಿದು ನಡೆದು ಬಂದೆ. ಬಾಯಿ ಒಣಗಿ ಅಂಗುಳಕ್ಕೆ ಅಂಟಿತ್ತು. ಊಟ ಅಂದರೆ ಹೊಟ್ಟೆ ತೊಳಸುತ್ತಿತ್ತು. ಅಜ್ಜಿ ಬಾಗಿಲಲ್ಲೇ ಒಂದು ದೊಡ್ಡ ಲೋಟ ಕೈಗಿಟ್ಟರು. ಉಪ್ಪು, ಹುಳಿ, ನೀರು, ಎಣ್ಣೆ, ಸ್ವಲ್ಪ ಬ್ರೆಡ್ಡು. ಬಿಸಿಲಲ್ಲಿ ಬೆವರಿ ಬಂದವಳಿಗೆ ಇನ್ನೇನು ಬೇಕು?

ಆಗ ನನಗೆ ತಾತ ನೆನಪಾದರು. ಆಲೂಗಡ್ಡೆ ಹೊಲದ ಬದುವಿನಲ್ಲಿ ಕೂತು, ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಉಪ್ಪು ಹಾಕಿ, ಈರುಳ್ಳಿ ಕಚ್ಚಿಕೊಂಡು ಎತ್ತಿ ಕುಡಿಯುತ್ತಿದ್ದರು. ಗಸ್ಪಾಚೊನೂ ಅದೇ ಜಾತಿ ತಂಗಿ. ಅದನ್ನು ಸೂಪು ಅಂತ ಕರೆದೇ ನಾನು ಕೆಟ್ಟೆ. ಅಂದಲೂಸಿಯಾದ, ಅಂದರೆ ಸೆವಿಲ್ ಇರುವ ಈ ಸೀಮೆಯ, ಗೋಧಿ ಹೊಲ, ಆಲಿವ್ ತೋಟಗಳಲ್ಲಿ ಕೂಲಿ ಮಾಡುವವರು ಗಟ್ಟಿಯಾದ ಬ್ರೆಡ್ಡು, ಬೆಳ್ಳುಳ್ಳಿ, ಉಪ್ಪನ್ನು ಮರದ ಬೋಗುಣಿಯಲ್ಲಿ ಕುಟ್ಟಿ, ಎಣ್ಣೆ, ವಿನೆಗರ್, ನೀರು ಬೆರೆಸಿ ತಿನ್ನುತ್ತಿದ್ದ ಬಿಸಿಲುಹೊತ್ತಿನ ಊಟ ಅದು. ಮೊದಲು ಅದರಲ್ಲಿ ಟೊಮೆಟೊನೇ ಇರಲಿಲ್ಲ. ಎಲ್ಲಿಂದ ಬರಬೇಕು? 1492ರಲ್ಲಿ ಕೊಲಂಬಸ್ ಅಮೆರಿಕ ಕಡೆಗೆ ಹೋದ ಮೇಲೆ ತಾನೇ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಈಚೆಗೆ ಬಂದದ್ದು. 1503ರಿಂದ ಆ ವ್ಯಾಪಾರಕ್ಕೆಲ್ಲ ಸೆವಿಲ್ಲೇ ಹೆಬ್ಬಾಗಿಲು. ಊರಿನ ನದಿ ದಂಡೆಯಲ್ಲಿ ನಡೆಯುವಾಗ ನನಗೆ ಒಂದೊಂದ್ಸಲ ಹಾಸನದ ಆಲೂಗಡ್ಡೆ ಮಂಡಿ ನೆನಪಾಗುತ್ತದೆ. ನಮ್ಮೂರಿನ ಬೆಳೆ ಅಂತ ಜಂಬ ಪಡುತ್ತೇವಲ್ಲ, ಅದರ ತವರುಮನೆಯೂ ಆ ಸಮುದ್ರದಾಚೆಗೇ.

ಟೊಮೆಟೊ ಬರುವ ಮುಂಚಿನ ರುಚಿ ನೋಡಬೇಕು ಅಂದರೆ ಅಹೋಬ್ಲಾಂಕೊ ಕೇಳು. ಮಾಲಗ, ಗ್ರನಾದ ಕಡೆಯದು. ಹಸಿ ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ಡು, ಎಣ್ಣೆ, ವಿನೆಗರ್ ಸೇರಿಸಿ ಕಡೆದದ್ದು. ನೋಡಿದರೆ ಕಾಯಿಹಾಲೇ. ಮೇಲೆ ದ್ರಾಕ್ಷಿಹಣ್ಣು ತೇಲಿಬಿಡುತ್ತಾರೆ. ಮಲೆನಾಡಿನವಳು ನೀನು, ಒಂದೆಲಗದ ತಂಬುಳಿ, ದೊಡ್ಡಪತ್ರೆ ತಂಬುಳಿ ಉಂಡು ಬೆಳೆದಿರುತ್ತೀಯ. ತಣ್ಣನೆ ಹುಳಿ ಅಂತಲೇ ತಾನೇ ಆ ಹೆಸರು? ನಿನಗೆ ಇದೆಲ್ಲ ನನಗಿಂತ ಬೇಗ ಒಗ್ಗುತ್ತದೆ. ಹಾಸನದವರಿಗೆ ಸಾರು ಅಂದರೆ ಹಬೆ ಏಳಲೇಬೇಕು. ನನ್ನ ಗಂಡ ಇವತ್ತಿಗೂ ಗಸ್ಪಾಚೊ ಕುಡಿದು "ಊಟ ಯಾವಾಗ?" ಅಂತಾನೆ.

ಕೊರ್ದೊಬದ ಸಾಲ್ಮೊರೆಹೊ ಇನ್ನೊಂದು. ಟೊಮೆಟೊ, ಬ್ರೆಡ್ಡೇ ಜಾಸ್ತಿ. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ರುಚಿಯಲ್ಲಿ ನನಗೆ ಗಸ್ಪಾಚೊಗಿಂತ ಇದೇ ಮೇಲು. ಆದರೆ ಹುಷಾರು, ಮೇಲೆ ಬೇಯಿಸಿದ ಮೊಟ್ಟೆ, ಹಮೋನ್ ಅನ್ನುವ ಹಂದಿಮಾಂಸದ ಚೂರು ಉದುರಿಸಿರುತ್ತಾರೆ. "ಸಿನ್ ಹಮೋನ್", ಅಂದರೆ ಹಮೋನ್ ಇಲ್ಲದ್ದು, ಅಂತ ಮೊದಲೇ ಹೇಳು.

ಇಲ್ಲೇ ನಿನಗೆ ನಿಜವಾದ ಕಷ್ಟ ಇರುವುದು. ತಣ್ಣಗಿನದು ಅಲ್ಲ, ಬಿಸಿಯದು. ಬಿಸಿ ಸೂಪು ಅಂದಾಕ್ಷಣ ಇಲ್ಲಿ ಎಲುಬಿನ ರಸ, ಇಲ್ಲ ಮಾಂಸದ ತುಂಡು ಬೀಳುತ್ತದೆ. ಲೆಂತೇಹಾಸ್ ಅಂತ ಒಂದಿದೆ. ಬೇಳೆ ಸಾರಿನ ದಾಯಾದಿ, ಕಂದು ಬಣ್ಣದ ಇಡೀ ಮಸೂರ. ಮೊದಲ ಚಳಿಗಾಲ ಒಂದು ಹೋಟೆಲಲ್ಲಿ ಅದನ್ನು ಕೇಳಿ, "ನಾನು ಸಸ್ಯಾಹಾರಿ" ಅಂತಲೂ ಹೇಳಿದೆ. ಬಟ್ಟಲಲ್ಲಿ ಕೆಂಪು ಚೊರೀಸೊ ಸಾಸೇಜಿನ ನಾಲ್ಕು ಬಿಲ್ಲೆ ತೇಲುತ್ತಿದ್ದವು. ಹೇಳಿದ್ದಕ್ಕೆ ಮಾಣಿ "ಅಯ್ಯೋ, ಕ್ಷಮಿಸಿ" ಅಂತ ಒಳಗೆ ಒಯ್ದ. ಎರಡು ನಿಮಿಷಕ್ಕೆ ವಾಪಸ್ ತಂದ. ಅದೇ ಬಟ್ಟಲು, ಅಂಚಿಗೆ ಅದೇ ಕೆಂಪೆಣ್ಣೆ, ಬಿಲ್ಲೆ ಮಾತ್ರ ಇಲ್ಲ. ಅವನ ಮುಖದಲ್ಲಿ ಒಂಚೂರೂ ಕಪಟ ಇರಲಿಲ್ಲ ನೋಡು. ಅವನ ಲೆಕ್ಕದಲ್ಲಿ ಮಾಂಸ ತೆಗೆದಾಯ್ತು. ಆವತ್ತಿಂದ ನಾನು ಸಸ್ಯಾಹಾರಿ ಅಂತ ಹೇಳಿ ಸುಮ್ಮನಾಗಲ್ಲ. "ಕಾಲ್ದೊ ಯಾವುದರದ್ದು?" ಅಂತ ಕೇಳುತ್ತೇನೆ. ಕಾಲ್ದೊ ಅಂದರೆ ಬೇಯಿಸಿದ ಕಟ್ಟು. ಬಸ್ಸಾರಿಗೆ ಬಸಿಯುತ್ತೇವಲ್ಲ, ಆ ಥರ. ಕೋಳಿಯದೋ ತರಕಾರಿಯದೋ ಅಂತ ಅಲ್ಲೇ ಗೊತ್ತಾಗುತ್ತದೆ.

ಮಡ್ರಿಡ್‌ಗೆ ಹೋದರೆ ಕೊಸೀದೊ ಅಂತ ಕೊಂಡಾಡುತ್ತಾರೆ. ಕಡಲೆಕಾಳು, ತರಕಾರಿ, ಮಾಂಸ ಒಂದೇ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಮೊದಲು ಕಟ್ಟಿಗೆ ಶ್ಯಾವಿಗೆ ಹಾಕಿ ಸೂಪು, ಆಮೇಲೆ ಕಾಳು ತರಕಾರಿ, ಕೊನೆಗೆ ಮಾಂಸ ಅಂತ ಬಡಿಸುತ್ತಾರೆ. ನಿನಗೆ ಆಗಿಬರಲ್ಲ, ಆದರೆ ಕ್ರಮ ನೋಡು, ಬಸ್ಸಾರಿನದ್ದೇ. ಕಟ್ಟು ಬೇರೆ, ಕಾಳು ಬೇರೆ.

ನಿನಗೆ ಸೆವಿಲ್‌ನಲ್ಲಿ ಅನ್ನದಾತ ಅಂದರೆ ಪಾಲಕ್, ಕಡಲೆಕಾಳಿನದು. ಎಸ್ಪಿನಾಕಾಸ್ ಕೊನ್ ಗರ್ಬಾನ್ಸೋಸ್. ಈ ಹೆಸರನ್ನು ಮಾತ್ರ ಬಾಯಿಪಾಠ ಮಾಡ್ಕೊಂಡೇ ವಿಮಾನ ಹತ್ತು. ಬ್ರೆಡ್ಡನ್ನು ಎಣ್ಣೆಯಲ್ಲಿ ಹುರಿದು, ಬೆಳ್ಳುಳ್ಳಿ, ಜೀರಿಗೆ ಸೇರಿಸಿ ಕುಟ್ಟಿ, ಅದನ್ನೇ ಸೊಪ್ಪಿಗೆ ಹಾಕಿ ಕುದಿಸುತ್ತಾರೆ. ಹೌದು, ಜೀರಿಗೆ! ಮೊದಲ ಸಲ ತಿಂದಾಗ ಮಸ್ಸೊಪ್ಪು ಯಾರು ಮಾಡಿದರಪ್ಪಾ ಅಂತ ತಿರುಗಿ ನೋಡಿದ್ದೆ. ಖಾರ ಮಾತ್ರ ಇರಲ್ಲ. ಇಲ್ಲಿಯವರಿಗೆ ಖಾರ ಆಗಲ್ಲ, ಕಾಳುಮೆಣಸು ಎರಡು ಜಾಸ್ತಿ ಬಿದ್ದರೂ ನೀರು ಕುಡಿಯುತ್ತಾರೆ. ಆದರೆ ಪಿಮೆಂತೋನ್ ದೆ ಲಾ ವೇರಾ ಅಂತ ಒಂದು ಮೆಣಸಿನಪುಡಿ ಸಿಗುತ್ತದೆ. ಓಕ್ ಸೌದೆಯ ಹೊಗೆಯಲ್ಲಿ ಒಣಗಿಸಿದ್ದು. ತಗಡಿನ ಡಬ್ಬಿ ತೆರೆದರೆ ನಮ್ಮ ಹಳೇ ಮನೆಯ ಒಲೆ ಮೇಲಿನ ಅಟ್ಟದ ವಾಸನೆ. ನಾನು ಸಾರಿಗೂ ಅರ್ಧ ಚಮಚ ಹಾಕುತ್ತೇನೆ. ನಮ್ಮಮ್ಮ ಬಂದಾಗ "ಇದೇನೇ, ಸಾರು ಸೀದುಹೋಗಿದೆ" ಅಂದರು. ಎರಡನೇ ದಿನ ತಾವೇ ಕೇಳಿ ಹಾಕಿಸಿಕೊಂಡರು.

ಮಾರ್ಚ್, ಏಪ್ರಿಲ್‌ನಲ್ಲಿ ಆಬಾಸ್ ಅಂತ ಕಾಳು ಬರುತ್ತದೆ. ಅವರೆ ಅಲ್ಲ, ಆದರೆ ಸಿಪ್ಪೆ ಬಿಡಿಸಿ ಹಿದುಕಿದರೆ ಹಿದುಕಿದ ಬೇಳೆಯ ಹಾಗೇ ಪುಳಕ್ಕನೆ ಹೊರಗೆ ಬರುತ್ತದೆ. ಸೊಗಡಿಲ್ಲ. ನಮ್ಮ ಸೊಗಡವರೆ ಘಮ ಎಲ್ಲಿ, ಇದೆಲ್ಲಿ? ಆದರೂ ಎರಡು ಕೆಜಿ ತಂದು ಟಿವಿ ಮುಂದೆ ಕೂತು ಹಿದುಕುತ್ತೇನೆ.

ಚಳಿಗಾಲದ ಬಗ್ಗೆ ಯಾರೂ ನಿನಗೆ ಹೇಳಿರಲ್ಲ. ಬಿಸಿಲೂರು ಅಂತ ತೆಳು ಬಟ್ಟೆ ತುಂಬಿಕೊಂಡು ಬರಬೇಡ. ಹಳೇ ಮನೆಗಳು ಬೇಸಿಗೆಗೆ ಕಟ್ಟಿದವು. ಜನವರಿಯಲ್ಲಿ ಒಳಗೇ ನೆಲ ಕೊರೆಯುತ್ತದೆ. ಇಲ್ಲಿ ದುಂಡು ಮೇಜಿಗೆ ನೆಲ ಮುಟ್ಟುವ ದಪ್ಪ ಬಟ್ಟೆ ಹೊದಿಸಿ, ಕೆಳಗೆ ಹೀಟರ್ ಇಟ್ಟು, ಕಾಲನ್ನು ಬಟ್ಟೆಯೊಳಗೆ ತೂರಿಸಿಕೊಂಡು ಕೂರುತ್ತಾರೆ. ಹಿಂದೆ ಹೀಟರ್ ಬದಲು ಕೆಂಡದ ತಟ್ಟೆ ಇಡುತ್ತಿದ್ದರು. ಹಾಗೆ ಕಾಲು ಬೆಚ್ಚಗೆ ಮಾಡಿಕೊಂಡು ಹುರುಳಿ ಸಾರು ಉಣ್ಣುವ ಸುಖ ನನಗೆ ಹಾಸನದಲ್ಲೂ ಸಿಕ್ಕಿರಲಿಲ್ಲ.

ಊಟದ ಹೊತ್ತು ಬೇರೆ ತಿಳಿದಿರಲಿ. ಮಧ್ಯಾಹ್ನದ ಊಟ ಎರಡರಿಂದ ಮೂರೂವರೆ, ರಾತ್ರಿ ಒಂಬತ್ತಕ್ಕೆ ಮುಂಚೆ ಒಲೆ ಹಚ್ಚಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ಹೆಚ್ಚುಕಡಿಮೆ ಒಂಬತ್ತೂಮುಕ್ಕಾಲಿಗೆ. ಮಧ್ಯಾಹ್ನ ಮೆನು ದೆಲ್ ದೀಯಾ ಅಂತ ಬೋರ್ಡ್ ಹಾಕಿರುತ್ತಾರೆ. ಮೊದಲ ತಟ್ಟೆ, ಎರಡನೇ ತಟ್ಟೆ, ಬ್ರೆಡ್ಡು, ಕುಡಿಯೋಕೆ, ಕೊನೆಗೆ ಸಿಹಿ, ಎಲ್ಲ ಸೇರಿ ಒಂದೇ ಬೆಲೆ. ಎರಡನೆಯದು ಬಹುತೇಕ ಮಾಂಸ, ಮೀನೇ. ಸೂಪು, ಕಾಳು, ಸೊಪ್ಪು ಎಲ್ಲ ಮೊದಲನೆಯದರಲ್ಲಿ. "ಎರಡೂ ಮೊದಲನೆಯದರಿಂದಲೇ ಕೊಡಿ" ಅಂತ ಕೇಳು. ಮುಖ ಸಣ್ಣಗೆ ಮಾಡುವವರು ಇದ್ದಾರೆ, ಕೊಡುವವರೇ ಜಾಸ್ತಿ.

ಕಾಫಿ ತೋಟದ ಊರಿನವಳು ಅಂತ ಇದೊಂದು ಹೇಳಿಬಿಡುತ್ತೇನೆ. ಇಲ್ಲಿ ಸಕ್ಕರೆ ಹಾಕಿ ಹುರಿಯುವ ತೊರೆಫಾಕ್ತೊ ಅನ್ನೋ ಕಾಫಿ ಇದೆ, ಕರ್‍ರಗೆ, ಸೀದ ಕಹಿ. ಪ್ಯಾಕೆಟ್ ಮೇಲೆ "ನಾತುರಾಲ್" ಅಂತ ಇದ್ದರೆ ಮಾತ್ರ ತಗೋ. ನಿಮ್ಮಪ್ಪನಿಗೆ ಈ ವಿಷಯ ಹೇಳಬೇಡ, ಬೇಜಾರು ಮಾಡ್ಕೋತಾರೆ.

ವಿದೇಶಿಯರ ಗುರುತಿನ ಚೀಟಿಗೆ ಬಂದು ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಅದರ ರಾಮಾಯಣ ಇನ್ನೊಮ್ಮೆ ಬರೀತೀನಿ, ಈಗ ಬೇಡ.

ಬಂದ ಮೊದಲ ಭಾನುವಾರ ನಮ್ಮನೆಗೆ ಬಾ. ಎರಡೂವರೆಗೆ ಊಟ. ಒಂದು ಗಂಟೆಗೇ ಬಂದರೆ ಟೊಮೆಟೊ ಕತ್ತರಿಸುವ ಕೆಲಸ ನಿನ್ನದು. ಅಂಗಡಿ ಪ್ಯಾಕೆಟ್ಟೇ ತಂದಿಟ್ಟಿದ್ದರೆ ಬೈಕೋಬೇಡ, ನಾನೂ ವಾರದಲ್ಲಿ ಮೂರು ದಿನ ಅದನ್ನೇ ಕುಡಿಯೋದು. ಮೇಲಿನ ಮನೆ ಅಜ್ಜಿಗೆ ಮಾತ್ರ ಗೊತ್ತಾಗಬಾರದು. ರಾಗಿ ಹಿಟ್ಟು ಮರೀಬೇಡ, ಮಜ್ಜಿಗೆ ನಾನು ಮಾಡಿಟ್ಟಿರುತ್ತೇನೆ.