ಹೆಬ್ಬೆರಳಿಗೆ ಒಪ್ಪುವ ರೀಲು

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಟ್‌ಕಾಸ್ಟಿಂಗ್ ರೀಲಿನ ಬಗ್ಗೆ. ಹೀಗಾಗಿ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಹೊಸ ಓದುಗರಿಗೆ ಇಷ್ಟು ತಿಳಿದಿದ್ದರೆ ಸಾಕು. ಗಾಳದ ಕೋಲಿನ ಕೆಳಗೆ ನೇತಾಡುವುದು ಸ್ಪಿನ್ನಿಂಗ್ ರೀಲು. ಎಸೆಯುವಾಗ ಅದರ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ತಿರುಗುವುದಿಲ್ಲ, ದಾರ ಸುರುಳಿ ಸುರುಳಿಯಾಗಿ ಜಾರಿಹೋಗುತ್ತದೆ. ಕೋಲಿನ ಮೇಲೆ ಕೂರುವುದು ಬೇಟ್‌ಕಾಸ್ಟಿಂಗ್ ರೀಲು. ಅದರಲ್ಲಿ ಸ್ಪೂಲೇ ತಿರುಗಿ ದಾರ ಬಿಡುತ್ತದೆ. ಅದರ ಬಲವೂ ಅಲ್ಲಿದೆ, ತೊಡಕೂ ಅಲ್ಲಿದೆ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆ ಹಾಕುತ್ತೇನೆ. ಆರು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಹದಿನೆಂಟು ಬೇರಿಂಗ್ ಇರುವ ಬೇಟ್‌ಕಾಸ್ಟಿಂಗ್ ರೀಲು ಕೊಂಡೆ. ಹತ್ತು ಸಲ ಎಸೆದರೆ ಆರು ಸಲ ದಾರ ಕಾಗೆ ಗೂಡಿನಂತೆ ಸಿಕ್ಕಾಗುತ್ತದೆ. ಬಿಡಿಸುವುದರಲ್ಲೇ ಸಂಜೆಯಾಗುತ್ತದೆ. ದುಬಾರಿ ರೀಲು ಕೊಂಡರೆ ಸರಿಹೋಗುತ್ತದೆಯೇ?
— ಓದುಗರು, ಶಿಕಾರಿಪುರ

ಉತ್ತರ: ದುಬಾರಿ ರೀಲಿಗೂ ಸಿಕ್ಕಾಗುತ್ತದೆ. ಮೊದಲು ಕಾರಣ ತಿಳಿಯೋಣ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟರೆ ರಾಟೆ ಏನು ಮಾಡುತ್ತದೆ? ಕೊಡ ನೀರು ಮುಟ್ಟಿ ನಿಂತರೂ ರಾಟೆ ತನ್ನ ವೇಗದಲ್ಲೇ ಸುತ್ತುತ್ತದೆ, ಹಗ್ಗ ಹಳಿ ತಪ್ಪುತ್ತದೆ. ಅದಕ್ಕೇ ನಮ್ಮ ಅಮ್ಮ ಹಗ್ಗದ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟುಕೊಂಡೇ ಕೊಡ ಇಳಿಸುತ್ತಿದ್ದರು. ರೀಲಿನಲ್ಲಿ ಆ ಅಂಗೈಯ ಕೆಲಸವನ್ನು ನಿಮ್ಮ ಹೆಬ್ಬೆರಳು ಮಾಡಬೇಕು. ಕಪ್ಪೆ ಗಾಳಿಯಲ್ಲಿ ನಿಧಾನವಾಗುತ್ತಿದ್ದರೂ ಸ್ಪೂಲ್ ಮೊದಲಿನ ವೇಗದಲ್ಲೇ ತಿರುಗಿದರೆ, ಹೊರಗೆ ಹೋಗಲು ದಾರಿಯಿಲ್ಲದ ದಾರ ಒಳಗೇ ಉಬ್ಬುತ್ತದೆ. ಸಿಕ್ಕು ಅಂದರೆ ಇಷ್ಟೇ.

ಹೆಬ್ಬೆರಳಿಗೆ ನೆರವಾಗಲು ರೀಲಿನೊಳಗೆ ಬ್ರೇಕ್ ಇರುತ್ತದೆ. ಇದರಲ್ಲಿ ಎರಡು ಬಗೆ. ಒಂದು ಬಗೆಯಲ್ಲಿ ಸ್ಪೂಲಿನ ಜೊತೆ ಸುತ್ತುವ ಪುಟ್ಟ ಗುಬಟೆಗಳಿರುತ್ತವೆ. ವೇಗ ಏರಿದಂತೆ ಅವು ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ಎಸೆತದ ಮೊದಲ ಕ್ಷಣದಲ್ಲಿ, ಅಂದರೆ ಸ್ಪೂಲ್ ಅತಿ ವೇಗದಲ್ಲಿರುವಾಗ, ಇವು ಬಿಗಿಯಾಗಿ ಹಿಡಿಯುತ್ತವೆ. ಇನ್ನೊಂದು ಬಗೆಯಲ್ಲಿ ಆಯಸ್ಕಾಂತಗಳಿರುತ್ತವೆ. ಸ್ಪೂಲ್ ಅಲ್ಯೂಮಿನಿಯಮ್ಮಿನದು, ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ, ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ನೀವು ಕೇಳಬಹುದು. ಹಳೆಯ ಕರೆಂಟ್ ಮೀಟರನ್ನು ನೆನಪಿಸಿಕೊಳ್ಳಿ. ಗಾಜಿನ ಹಿಂದೆ ನಿಧಾನವಾಗಿ ಸುತ್ತುತ್ತಿದ್ದ ಆ ಬಿಲ್ಲೆಯೂ ಅಲ್ಯೂಮಿನಿಯಮ್ಮೇ, ಅದನ್ನು ಹದ್ದುಬಸ್ತಿನಲ್ಲಿಡುತ್ತಿದ್ದುದೂ ಆಯಸ್ಕಾಂತವೇ. ಲೋಹ ಸುತ್ತಿದಾಗ ಅದರೊಳಗೆ ವಿದ್ಯುತ್ತಿನ ಸುಳಿಗಳು ಹುಟ್ಟಿ ಸುತ್ತುವಿಕೆಗೇ ಎದುರಾಗುತ್ತವೆ. ಮುಟ್ಟದೆ ಹಿಡಿಯುವ ಬ್ರೇಕ್ ಇದು. ಕಲಿಯುವವರಿಗೆ ನಾನು ಆಯಸ್ಕಾಂತದ ಬಗೆಯನ್ನೇ ಹೇಳುತ್ತೇನೆ. ಏಕೆಂದರೆ ರೀಲಿನ ಬದಿಯಲ್ಲಿರುವ ಗುಂಡಿಯನ್ನು ತಿರುಗಿಸಿಯೇ ಅದನ್ನು ಏರಿಸಿ ಇಳಿಸಬಹುದು. ಗುಬಟೆಯ ಬಗೆಯಲ್ಲಿ ಎಷ್ಟೋ ಸಲ ಪಕ್ಕದ ಮುಚ್ಚಳ ತೆಗೆಯಬೇಕಾಗುತ್ತದೆ. ಕೆರೆ ದಂಡೆಯ ಕೆಸರಿನಲ್ಲಿ ನಿಂತು ಆ ಕೆಲಸ ಮಾಡುವುದು ಸುಲಭವಲ್ಲ.

ಈಗ ನಿಮ್ಮ ಹದಿನೆಂಟು ಬೇರಿಂಗ್ ವಿಷಯ. ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಗಡಿಯಾರದ ಮುಖದ ಮೇಲೆ ಎಷ್ಟು ಜ್ಯುವೆಲ್, ಅಂದರೆ ಒಳಗಿನ ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಪುಟ್ಟ ಕಲ್ಲು, ಎಂದು ಬರೆದಿರುವುದನ್ನು ನೋಡಿಯೇ ಜನ ಕೊಳ್ಳುತ್ತಿದ್ದ ಕಾಲವನ್ನು ಕಂಡಿದ್ದೇನೆ. ಬೇಕಾದ ಜಾಗದಲ್ಲಿರುವ ಹದಿನೇಳು ಕಲ್ಲುಗಳು ಬೇಡದ ಜಾಗದಲ್ಲಿರುವ ಇಪ್ಪತ್ತೈದಕ್ಕಿಂತ ಮೇಲು. ರೀಲಿನಲ್ಲೂ ಹಾಗೆಯೇ. ಸ್ಪೂಲಿನ ಎರಡು ತುದಿಗೆ ಮತ್ತು ಹಿಡಿ ತಿರುಗಿಸುವ ದಂಡಕ್ಕೆ ಒಳ್ಳೆಯ ಬೇರಿಂಗ್ ಇದ್ದರೆ ಮುಖ್ಯ ಕೆಲಸ ಮುಗಿಯಿತು. ನಾಲ್ಕೈದು ಉತ್ತಮ ಬೇರಿಂಗ್ ಇರುವ ರೀಲು ವರ್ಷಗಟ್ಟಲೆ ಬಾಳುತ್ತದೆ. ಎಣಿಕೆಗಿಂತ ಚೌಕಟ್ಟನ್ನು ಪರೀಕ್ಷಿಸಿ. ಅಂಗಡಿಯಲ್ಲಿ ರೀಲನ್ನು ಮುಷ್ಟಿಯಲ್ಲಿ ಹಿಡಿದು ಎರಡೂ ಬದಿಯನ್ನು ತುಸು ಅಮುಕಿ, ಆಮೇಲೆ ಹಿಡಿ ತಿರುಗಿಸಿ. ತಿರುಗುವಿಕೆ ಬಿಗಿಯಾದರೆ ಚೌಕಟ್ಟು ಬಾಗುತ್ತಿದೆ ಎಂದರ್ಥ. ದೊಡ್ಡ ಮೀನು ಎಳೆದಾಗಲೂ ಅದು ಹಾಗೆಯೇ ಬಾಗುತ್ತದೆ, ಹಲ್ಲುಚಕ್ರಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಲೋಹದ ಚೌಕಟ್ಟಿಗೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆದರೆ ಹೊಸದನ್ನು ಕೊಳ್ಳುವ ಮುನ್ನ ಇರುವ ರೀಲಿನಲ್ಲೇ ಹೀಗೆ ಮಾಡಿ ನೋಡಿ. ಕಪ್ಪೆ ಕಟ್ಟಿ ಕೋಲನ್ನು ಮುಂದಕ್ಕೆ ಚಾಚಿ ಹಿಡಿಯಿರಿ. ಹಿಡಿಯ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಬಿಗಿ ಮಾಡಿ. ಸ್ಪೂಲನ್ನು ಸಡಿಲ ಬಿಡುವ ಹೆಬ್ಬೆರಳಿನ ಪಟ್ಟಿಯನ್ನು ಒತ್ತಿ, ಕಪ್ಪೆ ತಾನಾಗಿ ನಿಧಾನಕ್ಕೆ ಇಳಿಯುವಷ್ಟು ಮಾತ್ರ ಆ ಗುಂಡಿಯನ್ನು ಸಡಿಲಿಸುತ್ತ ಬನ್ನಿ. ಕಪ್ಪೆ ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಬ್ರೇಕನ್ನು ಮುಕ್ಕಾಲು ಪಾಲು ಏರಿಸಿಡಿ. ಮಿಂಚಿನಂತೆ ಬೀಸಬೇಡಿ, ಮೊದಲ ವಾರ ಇಪ್ಪತ್ತು ಮೀಟರ್ ಹೋದರೆ ಸಾಕು. ಕಪ್ಪೆ ನೀರು ಮುಟ್ಟುವ ಮೊದಲೇ ಹೆಬ್ಬೆರಳು ಸ್ಪೂಲನ್ನು ನಿಲ್ಲಿಸಿರಬೇಕು. ಇದೊಂದು ಅಭ್ಯಾಸವಾದರೆ ನಿಮ್ಮ ಆರು ಸಿಕ್ಕುಗಳಲ್ಲಿ ನಾಲ್ಕು ಹೋಗುತ್ತವೆ.

ಸಿಕ್ಕಾದಾಗ ಉಗುರಿನಿಂದ ಕೀಳಬೇಡಿ. ಸ್ಪೂಲಿನ ಮೇಲಿರುವ ಗೋಜಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿಕೊಂಡು ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಿ. ನಂತರ ಪಟ್ಟಿ ಒತ್ತಿ ದಾರವನ್ನು ಮೆಲ್ಲಗೆ ಎಳೆಯಿರಿ. ಹೆಚ್ಚಿನ ಕುಣಿಕೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಇನ್ನೊಂದು ಉಪಾಯವೂ ಇದೆ. ನಿಮ್ಮ ಎಸೆತಕ್ಕಿಂತ ನಾಲ್ಕೈದು ಮೀಟರ್ ಹೆಚ್ಚು ದಾರ ಹೊರಗೆಳೆದು, ಸ್ಪೂಲಿನಲ್ಲಿ ಉಳಿದ ದಾರದ ಮೇಲೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿ, ಹೊರಗಿನ ದಾರವನ್ನು ಅದರ ಮೇಲೆ ಸುತ್ತಿಕೊಳ್ಳಿ. ಸಿಕ್ಕಾದರೂ ಟೇಪಿನಿಂದ ಒಳಗೆ ಇಳಿಯುವುದಿಲ್ಲ.

ಕಪ್ಪೆಯ ತೂಕವನ್ನು ನೀವು ಬರೆದಿಲ್ಲ. ಹತ್ತು ಗ್ರಾಂ ಮೇಲಿದ್ದರೆ ಈ ರೀಲು ಸರಿ. ಐದಾರು ಗ್ರಾಂನದ್ದಾದರೆ ಭಾರದ ಸ್ಪೂಲನ್ನು ತಿರುಗಿಸುವ ಶಕ್ತಿಯೇ ಅದಕ್ಕಿಲ್ಲ. ಅಂಥದ್ದಕ್ಕೆ ಸ್ಪಿನ್ನಿಂಗ್ ರೀಲನ್ನೇ ಇಟ್ಟುಕೊಳ್ಳಿ. ಕೆರೆಯ ಮೀನನ್ನು ಗುತ್ತಿಗೆಗೆ ಹಿಡಿದವರು ಇದ್ದರೆ ಅವರ ಒಪ್ಪಿಗೆ ಪಡೆದೇ ಗಾಳ ಹಾಕಿ. ಅದು ಅವರ ಅನ್ನ.

ಪ್ರಶ್ನೆ: ನಾವು ಟೆಕ್ಸಾಸಿನ ಡಲ್ಲಾಸ್ ಬಳಿ ಇದ್ದೇವೆ. ಹನ್ನೆರಡು ವರ್ಷದ ಮಗಳಿಗೆ ಬಾಸ್ ಮೀನು ಹಿಡಿಯುವ ಹುಚ್ಚು ಹತ್ತಿದೆ. ಗೆಳತಿಯ ಬಳಿ ಇರುವಂಥ ಬೇಟ್‌ಕಾಸ್ಟಿಂಗ್ ರೀಲೇ ಬೇಕೆನ್ನುತ್ತಾಳೆ. ಅಂಗಡಿಯಲ್ಲಿ 5.4, 6.3, 8.1 ಎಂದೆಲ್ಲ ಹೇಳಿದರು. ನನಗೆ ಏನೂ ಅರ್ಥವಾಗಲಿಲ್ಲ. ಮಗಳು ಎಡಚಿ. ಯಾವುದನ್ನು ಕೊಡಿಸಲಿ?
— ತಾಯಿ, ಡಲ್ಲಾಸ್

ಉತ್ತರ: ತಾಯಿ, ಮಗಳಿಗೆ ಖಂಡಿತ ಕೊಡಿಸಿ. ಹನ್ನೆರಡರ ಬೆರಳು ನನ್ನ ಎಪ್ಪತ್ತರ ಬೆರಳಿಗಿಂತ ಬೇಗ ಕಲಿಯುತ್ತದೆ. ಈ ಬಗೆಯ ರೀಲು ಬೆಳೆದದ್ದೂ ನೀವಿರುವ ದೇಶದಲ್ಲೇ. 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಜಾರ್ಜ್ ಸ್ನೈಡರ್, ಹಿಡಿ ಒಮ್ಮೆ ತಿರುಗಿದರೆ ಸ್ಪೂಲ್ ಹಲವು ಸಲ ತಿರುಗುವಂಥ ರೀಲನ್ನು ಬಾಸ್ ಮೀನಿಗಾಗಿಯೇ ಮಾಡಿದರು. ಅವರು ಗಡಿಯಾರ ಕೆಲಸದವರು. ಇದನ್ನು ಬರೆಯುವಾಗ ನನಗೆ ಸಂತೋಷವಾಗುತ್ತದೆ.

ಅಂಗಡಿಯವರು ಹೇಳಿದ ಅಂಕಿಗಳ ಅರ್ಥವೂ ಅದೇ. 6.3 ಎಂದರೆ ಹಿಡಿಯ ಒಂದು ಸುತ್ತಿಗೆ ಸ್ಪೂಲಿನ 6.3 ಸುತ್ತು. ದಾರ ತುಂಬಿದ ಸ್ಪೂಲಿನ ಅಡ್ಡಳತೆ 34 ಮಿಲಿಮೀಟರ್ ಎಂದು ಹಿಡಿದರೆ, 5.4ರ ರೀಲು ಒಂದು ಸುತ್ತಿಗೆ ಸುಮಾರು 58 ಸೆಂಟಿಮೀಟರ್ ದಾರ ಎಳೆಯುತ್ತದೆ, 6.3ರದ್ದು 67, 8.1ರದ್ದು 87. ಸೈಕಲ್ಲಿನ ಗೇರಿನ ಹಾಗೆ, ವೇಗ ಹೆಚ್ಚಿದಷ್ಟೂ ಹಿಡಿ ತಿರುಗಿಸುವುದು ಭಾರ. ನೀರಿನ ಆಳಕ್ಕೆ ಮುಳುಗುವ ದೊಡ್ಡ ಕೃತಕ ಮೀನನ್ನು 8.1ರಲ್ಲಿ ಎಳೆದರೆ ಮಗುವಿನ ಮಣಿಕಟ್ಟು ಅರ್ಧ ಗಂಟೆಯಲ್ಲಿ ಸೋಲುತ್ತದೆ. ಒಂದೇ ರೀಲು ಎಂದಾದರೆ 6.3ರಿಂದ 7ರ ನಡುವಿನದು ಕೊಡಿಸಿ.

ಎಡಚಿ ಎಂದಿರಿ. ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಬಿಚ್ಚಿ ಆಚೆ ಬದಿಗೆ ಹಾಕಬಹುದು, ಇದರಲ್ಲಿ ಅದು ಆಗುವುದಿಲ್ಲ. ಕೊಳ್ಳುವಾಗಲೇ ಎಡವೋ ಬಲವೋ ತೀರ್ಮಾನಿಸಬೇಕು. ಶಿಮಾನೊದವರಲ್ಲಿ 150 ಎಂದಿದ್ದರೆ ಹಿಡಿ ಬಲಕ್ಕೆ, 151 ಎಂದಿದ್ದರೆ ಎಡಕ್ಕೆ. ಮಗಳು ಎಡಗೈಯಲ್ಲಿ ಎಸೆಯುವುದಾದರೆ ಬಲಬದಿಯ ಹಿಡಿಯೇ ಅವಳಿಗೆ ಅನುಕೂಲ. ಕೋಲನ್ನು ಕೈ ಬದಲಿಸದೆ ಸುತ್ತಬಹುದು. ಅಂಗಡಿಯಲ್ಲಿ ಅವಳ ಕೈಗೇ ಕೊಟ್ಟು ನೋಡಿ. ಹೆಬ್ಬೆರಳು ಎಳೆದಾಡದೆ ಸ್ಪೂಲಿನ ನಡುಭಾಗ ಮುಟ್ಟಬೇಕು. ಮುಟ್ಟದಿದ್ದರೆ ಎಷ್ಟೇ ಒಳ್ಳೆಯ ರೀಲಾದರೂ ಬೇಡ. ಈ ರೀಲಿಗೆ ಬೆರಳ ಕೊಕ್ಕೆ ಇರುವ ಕಾಸ್ಟಿಂಗ್ ಕೋಲೇ ಬೇಕು, ಮನೆಯಲ್ಲಿರುವ ಸ್ಪಿನ್ನಿಂಗ್ ಕೋಲಿಗೆ ಹೊಂದುವುದಿಲ್ಲ.

ಮೊದಲ ವರ್ಷ ಬ್ರೇಡ್ ದಾರ, ಅಂದರೆ ಎಳೆಗಳನ್ನು ಹೆಣೆದ ದಾರ, ಹಾಕಬೇಡಿ. ಸಿಕ್ಕಾದರೆ ಅದು ತನ್ನೊಳಗೇ ಕಚ್ಚಿಕೊಳ್ಳುತ್ತದೆ. ಐದಾರು ಕಿಲೋ ತಾಳುವ ನೈಲಾನ್ ದಾರವನ್ನು ಸ್ಪೂಲಿನ ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗೆ ನಿಲ್ಲುವಂತೆ ಸುತ್ತಿಸಿ. ಟೆಕ್ಸಾಸಿನಲ್ಲಿ ಹದಿನೇಳು ತುಂಬದ ಮಕ್ಕಳಿಗೆ ಪರವಾನಗಿ ಬೇಡ. ಅವಳ ಪಕ್ಕದಲ್ಲಿ ನೀವೂ ಗಾಳ ಹಾಕುವುದಾದರೆ ನಿಮಗೆ ಬೇಕು. ನೀವೂ ಹಾಕಿ ಎಂಬುದು ನನ್ನ ಆಸೆ.

ಪ್ರಶ್ನೆ: ಅಳಿವೆಯ ಉಪ್ಪುನೀರಿನಲ್ಲಿ ಬಳಸಿದ ರೀಲು ಒಂದೇ ಮಳೆಗಾಲದಲ್ಲಿ ಕರಕರ ಎನ್ನತೊಡಗಿತು. ಅಂಗಡಿಯವರು ಗ್ರೀಸ್ ತುಂಬಿಕೊಟ್ಟರು. ಈಗ ಎಸೆತವೇ ಹೋಗುತ್ತಿಲ್ಲ.
— ಓದುಗರು, ಕುಂದಾಪುರ

ಉತ್ತರ: ಗ್ರೀಸ್ ಹಲ್ಲುಚಕ್ರಕ್ಕೆ, ಎಣ್ಣೆ ಬೇರಿಂಗಿಗೆ. ನಿಮ್ಮದರಲ್ಲಿ ಸ್ಪೂಲಿನ ಬೇರಿಂಗಿಗೂ ಗ್ರೀಸ್ ಹೋಗಿರಬೇಕು. ಬಿಚ್ಚಿಸಿ, ತೊಳೆಸಿ, ಪ್ರತಿ ಬೇರಿಂಗಿಗೆ ತೆಳು ಎಣ್ಣೆಯ ಒಂದೇ ಒಂದು ತೊಟ್ಟು ಹಾಕಿಸಿ. ಇನ್ನು ಮೇಲೆ ಮನೆಗೆ ಬಂದ ಕೂಡಲೇ ಡ್ರ್ಯಾಗನ್ನು, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಹಿಡಿತವನ್ನು, ಬಿಗಿ ಮಾಡಿ, ನಲ್ಲಿಯ ಸಣ್ಣ ಧಾರೆಯ ಕೆಳಗೆ ತೊಳೆಯಿರಿ. ರಭಸದ ಪೈಪ್ ನೀರು ಉಪ್ಪನ್ನು ಒಳಕ್ಕೇ ತಳ್ಳುತ್ತದೆ. ಒರೆಸಿ ಒಣಗಿಸಿ, ಡ್ರ್ಯಾಗ್ ಸಡಿಲಿಸಿ ಇಡಿ. ಮುಂದೆ ಕೊಳ್ಳುವಾಗ ಉಪ್ಪುನೀರಿಗೆ ಹೊಂದುತ್ತದೆ ಎಂದು ತಯಾರಕರೇ ಹೇಳಿರುವ ಮಾದರಿಯನ್ನು ನೋಡಿ. ಪೆಟ್ಟಿಗೆಯ ಮೇಲಿನ ಡ್ರ್ಯಾಗ್ ಅಂಕಿ ದೊಡ್ಡದಾಗಿದೆ ಎಂದು ಮರುಳಾಗಬೇಡಿ. ದಾರ ಒಂಬತ್ತು ಕಿಲೋ ತಾಳುವುದಾದರೆ ಡ್ರ್ಯಾಗ್ ಮೂರು ಕಿಲೋ ಮೀರಬಾರದು. ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಎಳೆದು ನೀವೇ ಅಳೆಯಬಹುದು.

ಪ್ರಶ್ನೆ: ಅಟ್ಟ ಶುಚಿ ಮಾಡುವಾಗ ತಾತನ ರೀಲು ಸಿಕ್ಕಿತು. ದುಂಡಗಿದೆ, ಕೆಂಪು ಬಣ್ಣ, ಆಂಬ್ಯಾಸಡರ್ ಎಂದು ಬರೆದಿದೆ. ತಿರುಗುತ್ತಿಲ್ಲ. ತಾತ ಕಾವೇರಿಯಲ್ಲಿ ಮಹಸೀರ್ ಹಿಡಿಯುತ್ತಿದ್ದರಂತೆ. ಇದನ್ನು ಮಾರಿ ಹೊಸದು ಕೊಳ್ಳುವುದು ಒಳ್ಳೆಯದೇ?
— ಓದುಗರು, ಕುಶಾಲನಗರ

ಉತ್ತರ: ದಯವಿಟ್ಟು ಮಾರಬೇಡಿ. ನಿಮ್ಮ ಕೈಯಲ್ಲಿರುವುದು ಸ್ವೀಡನ್ನಿನ ಸ್ವೆಂಗ್‌ಸ್ತಾ ಎಂಬ ಪುಟ್ಟ ಊರಿನಲ್ಲಿ ಆಬು ಕಂಪನಿ ಮಾಡಿದ ರೀಲು. 1921ರಲ್ಲಿ ಆರಂಭವಾದ ಆ ಕಂಪನಿಯ ಹೆಸರಿನಲ್ಲೇ ಗಡಿಯಾರದ ಕಾರ್ಖಾನೆ ಎಂಬ ಮಾತಿದೆ. ಮೊದಲು ಜೇಬುಗಡಿಯಾರ, ಆಮೇಲೆ ಟ್ಯಾಕ್ಸಿ ಮೀಟರ್, ಎರಡನೆಯ ಮಹಾಯುದ್ಧದ ಹೊತ್ತಿಗೆ ಮೀನಿನ ರೀಲು. ಆಂಬ್ಯಾಸಡರ್ ಬಂದದ್ದು 1950ರ ದಶಕದಲ್ಲಿ.

ಇಂಥದೊಂದನ್ನು ನಾನು ಮೊದಲ ಸಲ ಬಿಚ್ಚಿದ್ದು ನನ್ನ ಅಂಗಡಿಯ ಮೇಜಿನ ಮೇಲೆ. ಗಿರಾಕಿಯೊಬ್ಬರು ಗಡಿಯಾರದ ಜೊತೆಗೆ ತಂದಿಟ್ಟಿದ್ದರು. ಮೂರು ತಿರುಪು ಸಡಿಲಿಸಿದರೆ ಬದಿಯ ತಟ್ಟೆ ಕೈಗೆ ಬಂತು. ಒಳಗೆ ಹಿತ್ತಾಳೆಯ ಹಲ್ಲುಚಕ್ರ, ಅದರ ಹಲ್ಲುಗಳ ಸಂದಿಯಲ್ಲಿ ಜೇನುಮೇಣದಂತೆ ಗಟ್ಟಿಯಾದ ಹಳೆಯ ಗ್ರೀಸ್. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿದಾಗ ಹಿತ್ತಾಳೆ ಹೊಸ ದೀಪದಂತೆ ಹೊಳೆಯಿತು. ಎಲ್ಲೂ ಒಂದು ಹಲ್ಲು ಸವೆದಿರಲಿಲ್ಲ. ಅಂದಿನಿಂದ ನಾನು ಗಡಿಯಾರಕ್ಕಿಂತ ಹೆಚ್ಚಾಗಿ ರೀಲುಗಳನ್ನೇ ಪ್ರೀತಿಸಿದ್ದೇನೆ.

ನಿಮ್ಮದು ತಿರುಗದಿರುವುದಕ್ಕೂ ಬಹುಪಾಲು ಅದೇ ಕಾರಣ. ಸವೆದಿದ್ದರೆ ದಾರವನ್ನು ಅತ್ತಿತ್ತ ಹಂಚುವ ತಿರುಪುದಂಡದಲ್ಲಿ ಕೂರುವ ಪುಟ್ಟ ನಾಲಿಗೆ ಸವೆದಿರುತ್ತದೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಲೋಹದ ಚೂರು ಅದು. ಬದಲಿ ಈಗಲೂ ಸಿಗುತ್ತದೆ. ಒಳಗೆ ಸ್ಪೂಲಿನ ದಂಡದ ಕಡ್ಡಿಗಳ ಮೇಲೆ ಎರಡು ಸಣ್ಣ ಬ್ರೇಕ್ ಗುಬಟೆಗಳಿರುತ್ತವೆ. ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಉರುಳಿದರೆ ಸಿಗುವುದಿಲ್ಲ.

ಕಾವೇರಿಯ ವಿಷಯ ಬೇರೆ. 1946ರಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದಿದ್ದರು. ಆ ಗೂನುಬೆನ್ನಿನ ಮಹಸೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿನ ಪಟ್ಟಿಗೆ ಸೇರಿಸಿದರು. ವನ್ಯಜೀವಿಧಾಮದ ನೀರಿನಲ್ಲಿ ಗಾಳ ಹಾಕುವಂತಿಲ್ಲ. ತಾತನ ರೀಲನ್ನು ಹಿಡಿದು ಅಲ್ಲಿಗೆ ಹೋಗಬೇಡಿ. ಪರವಾನಗಿ ಇರುವ ಕಡೆ ಕಾಟ್ಲಾ, ಕೊರವಗಳಿಗೆ ಧಾರಾಳವಾಗಿ ಬಳಸಿ. ಎಲ್ಲಾದರೂ ಮಹಸೀರ್ ತಾನಾಗಿ ಸಿಕ್ಕಿಬಿದ್ದರೆ ನೀರಿನಿಂದ ಮೇಲೆತ್ತದೆ, ಅಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ.

ರೀಲನ್ನು ಮಗುಚಿ, ಕೋಲಿಗೆ ಕೂರುವ ಪಾದದ ತಳ ನೋಡಿ. 1970ರ ದಶಕದ ನಡುವಿನಿಂದ ಈಚಿನದಾದರೆ ಅಲ್ಲಿ ಅಂಕಿಗಳನ್ನು ಒತ್ತಿರುತ್ತಾರೆ. ಮೊದಲೆರಡು ವರ್ಷ, ಮುಂದಿನೆರಡು ತಿಂಗಳು. 7608 ಎಂದು ಶುರುವಾದರೆ 1976ರ ಆಗಸ್ಟ್. ಅಂಕಿ ಇಲ್ಲದಿದ್ದರೆ ಇನ್ನೂ ಹಳೆಯದಿರಬಹುದು. ಪಾದದ ಮತ್ತು ಎರಡೂ ಬದಿಯ ತಟ್ಟೆಗಳ ಚಿತ್ರ ತೆಗೆದು ಕಳುಹಿಸಿ, ಯಾವ ನಾಲಿಗೆ ಹೊಂದುತ್ತದೆ ಎಂದು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.