ರೆಸಾರ್ಟಿಗೆ ಕೊಟ್ಟಿದ್ದು 3 ಎಕರೆ, ನೋಟಿಸ್ ಬಂದಿದ್ದು ಪೂರ್ತಿ ಸಾಲಕ್ಕೆ

ಪ್ರಶ್ನೆ: ಸರ್, ಕೊಡಗಿನ ಸುಂಟಿಕೊಪ್ಪದ ಹತ್ರ ನಮ್ಮದು ಕಾಫಿ ತೋಟ. 2016ರಲ್ಲಿ ಬೆಂಗಳೂರಿನವರೊಬ್ಬರ ಜೊತೆ ಕಂಪನಿ ಮಾಡಿ ರೆಸಾರ್ಟ್ ಕಟ್ಟೋಕೆ ಹೊರಟ್ವಿ, ಜಾಗ 3 ಎಕರೆ ನಂದು, ದುಡ್ಡು ಕಟ್ಟಡ ಎಲ್ಲಾ ಅವರದ್ದು. ನಷ್ಟ ಆದ್ರೆ ನನ್ನ ಹೊಣೆ ಆ 3 ಎಕರೆಗಷ್ಟೇ ಅಂತ ಅಗ್ರಿಮೆಂಟಲ್ಲಿ ಬರ್ದಿದೆ. ಲೋನ್ ತಗೊಳ್ಳುವಾಗ ಬ್ಯಾಂಕಲ್ಲಿ ಪರ್ಸನಲ್ ಗ್ಯಾರಂಟಿಗೆ ಇಬ್ಬರ ಸೈನೂ ಹಾಕಿಸ್ಕೊಂಡ್ರು. 2018ರ ಆಗಸ್ಟ್ ಮಳೇಲಿ ಗುಡ್ಡದ ಬರೆ ಕುಸಿದು ಕೆಲಸ ನಿಂತೋಯ್ತು, 2019ರಲ್ಲಿ ನಾನು ಡೈರೆಕ್ಟರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟೆ. ಈಗ ಪೂರ್ತಿ ಸಾಲ 60 ದಿನದಲ್ಲಿ ಕಟ್ಟಿ ಅಂತ ನೋಟಿಸ್. ಉಳಿದ ತೋಟನೂ ಹೋಗುತ್ತಾ?

ಉತ್ತರ: ನಿಮ್ಮ ಕಾಗದ ಓದಿ ಬೇಜಾರಾಯ್ತು. ಇದೇ ಥರ ಸೈನ್ ಹಾಕಿ ಕೂತಿರೋ ತೋಟದವರು ಇನ್ನೂ ಇದಾರೆ, ಹಾಗಾಗಿ ಬಿಡಿಸಿ ಹೇಳ್ತೀನಿ. ನಿಮ್ಮ ಹತ್ರ ಇರೋದು ಎರಡು ಬೇರೆ ಬೇರೆ ಒಪ್ಪಂದ. ‘3 ಎಕರೆಗಷ್ಟೇ’ ಅನ್ನೋ ಮಾತು ನಿಮಗೂ ಪಾರ್ಟ್‌ನರಿಗೂ ಮಧ್ಯದ್ದು, ಬ್ಯಾಂಕ್ ಅದಕ್ಕೆ ಸೈನ್ ಹಾಕಿಲ್ಲ, ಅದನ್ನ ತೋರಿಸಿ ಬ್ಯಾಂಕನ್ನ ತಡೆಯೋಕೆ ಆಗಲ್ಲ. 1872ರ ಕಾಂಟ್ರಾಕ್ಟ್ ಆಕ್ಟಿನ 128ನೇ ಸೆಕ್ಷನ್ ಪ್ರಕಾರ, ಜಾಮೀನು ಪತ್ರದಲ್ಲೇ ಬೇರೆ ಥರ ಬರೆದಿಲ್ಲ ಅಂದ್ರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ. ಮೊದ್ಲು ಕಂಪನಿ ಹತ್ರ ವಸೂಲಿ ಮಾಡ್ಲಿ ಆಮೇಲೆ ನನ್ನ ಹತ್ರ ಬರ್ಲಿ ಅನ್ನೋ ವಾದನೂ ನಿಲ್ಲಲ್ಲ, ಬ್ಯಾಂಕ್ ಆಫ್ ಬಿಹಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಅದನ್ನ ತಳ್ಳಿಹಾಕಿದೆ.

ರಾಜೀನಾಮೆ ವಿಷ್ಯದಲ್ಲೇ ಹೆಚ್ಚಿನವರು ಎಡವೋದು. ಡೈರೆಕ್ಟರ್ ಸ್ಥಾನ ಬಿಟ್ರೆ ಜಾಮೀನು ತಾನಾಗೇ ಬಿಟ್ಟೋಗಲ್ಲ. ಒಂದೇ ಸಾಲಕ್ಕಲ್ಲದೆ ಮುಂದಿನ ವ್ಯವಹಾರಗಳಿಗೂ ಅನ್ವಯಿಸೋ ‘ಮುಂದುವರಿಯೋ ಜಾಮೀನಾಗಿದ್ರೆ’ 130ನೇ ಸೆಕ್ಷನಲ್ಲಿ ಬ್ಯಾಂಕಿಗೆ ನೋಟಿಸ್ ಕೊಟ್ಟು ಮುಂದಿನ ವ್ಯವಹಾರದ ಮಟ್ಟಿಗೆ ನಿಲ್ಲಿಸಬಹುದಿತ್ತು, ಹಳೇ ಸಾಲಕ್ಕೆ ಆಗ್ಲೂ ಹೊಣೆ ಇದ್ದೇ ಇರುತ್ತೆ. 2019ರಲ್ಲಿ ಬ್ಯಾಂಕಿಗೂ ಒಂದು ಕಾಗದ ಬರೆದಿದ್ರಾ? ಬರೆದಿದ್ರೆ ಅದರ ಅಕ್ನಾಲೆಜ್‌ಮೆಂಟ್ ಹುಡುಕಿ.

ನಿಮಗೆ ದಾರಿ ಸಿಕ್ಕೋದಾದ್ರೆ ಜಾಮೀನು ಪತ್ರದಲ್ಲೇ ಸಿಗ್ಬೇಕು. ಕಾಪಿ ತರಿಸ್ಕೊಂಡು ಎರಡು ಜಾಗ ನೋಡಿ. ಒಂದು, ‘ಇಷ್ಟು ಮೊತ್ತಕ್ಕೆ ಮೀರದಂತೆ’ ಅಂತ ಇದ್ಯಾ, ಇದ್ರೆ ಅದೇ ನಿಮ್ಮ ಮಿತಿ. ಇನ್ನೊಂದು, ನೀವು ಹೊರಗೆ ಬಂದ್ಮೇಲೆ ನಿಮ್ಮ ಸೈನ್ ಇಲ್ದೆ ಲೋನ್ ಜಾಸ್ತಿ ಮಾಡಿದ್ರಾ, ಷರತ್ತು ಬದಲಾಯಿಸಿದ್ರಾ. ಹಾಗೆ ಮಾಡಿದ್ರೆ 133ನೇ ಸೆಕ್ಷನ್ ಪ್ರಕಾರ ಆ ಬದಲಾವಣೆ ಆದ್ಮೇಲಿನ ವ್ಯವಹಾರಕ್ಕೆ ನೀವು ಹೊಣೆ ಅಲ್ಲ. ಆದ್ರೆ ಬ್ಯಾಂಕಿನ ಪ್ರಿಂಟೆಡ್ ಫಾರಮ್ಮಲ್ಲಿ ‘ಮುಂದಿನ ಬದಲಾವಣೆಗೆ ಈಗಲೇ ಒಪ್ಪಿದ್ದೇನೆ’ ಅನ್ನೋ ಸಾಲು ಸಣ್ಣಕ್ಷರದಲ್ಲಿ ಸಾಮಾನ್ಯವಾಗಿ ಇರುತ್ತೆ, ಅದಿದ್ರೆ ಈ ವಾದ ಸೊರಗುತ್ತೆ.

ಉಳಿದ ತೋಟ ಅಡಮಾನಕ್ಕೆ ಕೊಟ್ಟಿಲ್ಲ ಅಂದ್ರೆ ಬರೀ ಗ್ಯಾರಂಟಿ ಸೈನಿಂದ ಬ್ಯಾಂಕ್ ನೇರವಾಗಿ ಬಂದು ಬೇಲಿ ಹಾಕೋಕಾಗಲ್ಲ, ಆದ್ರೆ ವಸೂಲಿ ಆದೇಶ ಆದ್ಮೇಲೆ ಜಪ್ತಿ ಕೇಳಬಹುದು. ತೋಟ ಜಮ್ಮಾ (ಕೊಡಗಲ್ಲಿ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮೀನು) ಆಗಿದ್ದು ಕುಟುಂಬದವರ ಹೆಸರೂ ಆರ್‌ಟಿಸೀಲಿದ್ರೆ ಅದನ್ನ ವಕೀಲರಿಗೆ ಮೊದಲ ದಿನವೇ ಹೇಳಿ.

ಹಾಗಂತ ಅಗ್ರಿಮೆಂಟ್ ಎಸೀಬೇಡಿ ಮತ್ತೆ! ನೀವು ಬ್ಯಾಂಕಿಗೆ ಕಟ್ಟಬೇಕಾಗಿ ಬಂದ್ರೆ ಆ ದುಡ್ಡನ್ನ ಪಾರ್ಟ್‌ನರ್ ಹತ್ರ ವಾಪಸ್ ಕೇಳೋಕೆ ಅದೇ ಆಧಾರ. ಬೇರೆ ಮಾತಿಲ್ದಿದ್ರೆ ಜಾಮೀನುದಾರರು ಸಮಪಾಲು ಹೊರಬೇಕು ಅಂತ 146ನೇ ಸೆಕ್ಷನ್ ಹೇಳುತ್ತೆ, ನಿಮ್ಮಲ್ಲಿ ಬೇರೆ ಮಾತು ಬರವಣಿಗೇಲೇ ಇದೆ.

ನೋಟಿಸ್ ಸರ್ಫೇಸಿ ಕಾಯ್ದೆ (ಅಡಮಾನದ ಆಸ್ತಿನ ಕೋರ್ಟಿಗೆ ಹೋಗದೇ ವಸೂಲಿಗೆ ತಗೊಳ್ಳೋಕೆ ಬ್ಯಾಂಕಿಗೆ ಅಧಿಕಾರ ಕೊಡೋ ಕಾನೂನು) 13(2)ನೇ ಸೆಕ್ಷನ್ನಿನದ್ದಾದ್ರೆ ಸುಮ್ನೆ ಕೂರಬೇಡಿ, ಆ 60 ದಿನದೊಳಗೇ ಲಿಖಿತ ಆಕ್ಷೇಪಣೆ ಕೊಡಿ, ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಲೇಬೇಕು. ನೋಟಿಸ್ ಬಂದ ಕವರನ್ನೂ ಇಟ್ಕೊಳ್ಳಿ, ಅದು ಯಾವತ್ತು ನಿಮ್ಮ ಕೈ ಸೇರ್ತು ಅನ್ನೋದಕ್ಕೆ ಅಂಚೆ ಮುದ್ರೆ ಬೇಕಾಗುತ್ತೆ.