ಒಂದೇ ಸುವಾರ್ತೆ, ಮೂವರಿಗೆ ಮೂರು ಥರ ಕೇಳಿಸಿದ್ದು ಯಾಕೆ?

ಪ್ರಶ್ನೆ: ಕ್ರಿಸ್‌ಮಸ್ ಊಟಕ್ಕೆ ಬಂದಿದ್ದ ಮೂವರು ಗೆಳೆಯರ ಹತ್ತಿರ ಯೇಸುವಿನ ಬಗ್ಗೆ, ಶಿಲುಬೆ ಮತ್ತು ಪುನರುತ್ಥಾನದ ಬಗ್ಗೆ ಮಾತಾಡಿದೆ. ಒಬ್ಬ ನಕ್ಕುಬಿಟ್ಟ. ಇನ್ನೊಬ್ಬ 'ಆಮೇಲೆ ನೋಡೋಣ ಬಿಡು' ಅಂದ. ಮೂರನೆಯವನು ಏನೂ ಹೇಳಲಿಲ್ಲ, ಹೊರಡುವಾಗ ಹೊಸ ಒಡಂಬಡಿಕೆ ಕೇಳಿ ತೆಗೆದುಕೊಂಡು ಹೋದ. ನಾನು ಸರಿಯಾಗಿ ಹೇಳಲಿಲ್ಲವಾ?
— ಓದುಗರೊಬ್ಬರು, ಹಾಸನ

ಉತ್ತರ: ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಪುಸ್ತಕದ 17ನೇ ಅಧ್ಯಾಯದ ಕೊನೆ ತೆಗೆದು ನೋಡಿ, ನಿಮ್ಮ ಮೂವರು ಗೆಳೆಯರೂ ಅಲ್ಲಿದ್ದಾರೆ. ಗ್ರೀಸಿನ ಅಥೇನೆಯ ಅರಿಯೊಪಾಗ ಎಂಬ ಸಭೆಯಲ್ಲಿ, ಸುವಾರ್ತೆ ಸಾರುತ್ತ ಊರೂರು ತಿರುಗಿದ ಪೌಲ ಮಾತಾಡಿದ ಮೇಲೆ ಕೆಲವರು ಅಪಹಾಸ್ಯ ಮಾಡಿದರು, ಕೆಲವರು ಇದನ್ನು ಇನ್ನೊಂದು ಸಲ ಕೇಳುತ್ತೇವೆ ಅಂದರು, ದಿಯೊನುಸಿಯ, ದಾಮರಿ ಎಂಬ ಹೆಂಗಸು, ಇನ್ನೂ ಕೆಲವರು ನಂಬಿದರು. ಪೌಲನಂಥವನ ಮಾತಿಗೇ ಹೀಗಾಯಿತು. ಹಾಗಾಗಿ ಗೆಳೆಯ ನಕ್ಕ ಅನ್ನುವುದಷ್ಟರಿಂದಲೇ ನೀವು ಹೇಳಿದ್ದು ಸರಿಯಿಲ್ಲ ಅಂದುಕೊಳ್ಳಬೇಡಿ.

ಅಲ್ಲಿ ನಗು ಎಲ್ಲಿ ಶುರುವಾಯಿತು ಅನ್ನುವುದನ್ನು ಗಮನಿಸಿ. ಊರಲ್ಲಿ ಕಂಡ 'ತಿಳಿಯದ ದೇವರಿಗೆ' ಎಂಬ ಬಲಿಪೀಠದಿಂದ ಪೌಲ ಮಾತು ಎತ್ತಿಕೊಂಡ, ಅವರದೇ ಕವಿಗಳ ಸಾಲು ಹೇಳಿದ, ಅಲ್ಲಿಯವರೆಗೂ ಕೇಳಿಸಿಕೊಂಡರು. ಸತ್ತವರು ಏಳುತ್ತಾರೆ ಅಂದಾಗ ನಕ್ಕರು. ಪೌಲನ ಜೊತೆ ಚರ್ಚೆಗೆ ಇಳಿದವರಲ್ಲಿ ಎಪಿಕೂರಿಯರಿದ್ದರು, ಸಾವಿನೊಂದಿಗೆ ಆತ್ಮವೂ ಚೆದುರಿಹೋಗುತ್ತದೆ ಎಂದು ಮೊದಲಿಂದ ನಂಬಿದವರು. ಅವರಿಗೆ ಆ ಮಾತು ತಮಾಷೆಯಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ಅದಕ್ಕೂ ಮೊದಲು ಫಿಲಿಪ್ಪಿಯಲ್ಲಿ ಆದದ್ದೇ ಬೇರೆ. ಕಣಿ ಹೇಳುತ್ತಿದ್ದ ದಾಸಿ ಪೌಲನ ಮಾತಿನಿಂದ ಗುಣವಾದಳು, ಅವಳ ಯಜಮಾನರ ಸಂಪಾದನೆ ನಿಂತುಹೋಯಿತು. ಅವರು ಅಧಿಕಾರಿಗಳ ಮುಂದೆ ದುಡ್ಡಿನ ಮಾತೇ ಎತ್ತಲಿಲ್ಲ, ಇವರು ನಮ್ಮ ಪಟ್ಟಣ ಕೆಡಿಸುತ್ತಿದ್ದಾರೆ, ರೋಮನ್ನರಿಗೆ ಸಲ್ಲದ ಆಚಾರ ಕಲಿಸುತ್ತಿದ್ದಾರೆ ಅಂದರು! ಬೆರೋಯ ಎಂಬ ಇನ್ನೊಂದು ಊರಿನವರು ಮಾತ್ರ ಪೌಲ ಹೇಳಿದ್ದು ನಿಜವೋ ಅಂತ ದಿನಾ ಶಾಸ್ತ್ರ ತೆಗೆದು ನೋಡಿದರು. ನನಗೆ ತುಂಬ ಇಷ್ಟವಾದವರು ಇವರೇ.

ಅಂದರೆ ಯಾರೂ ಖಾಲಿ ಮನಸ್ಸಿನಿಂದ ಕೇಳುವುದಿಲ್ಲ. ಒಬ್ಬರಿಗೆ ಅಡ್ಡ ಬರುವುದು ಓದಿದ್ದು, ಇನ್ನೊಬ್ಬರಿಗೆ ಸಂಪಾದನೆ, ಜಾಸ್ತಿ ಜನಕ್ಕೆ ಮನೆಯವರ ಕಣ್ಣೀರು. ನಮ್ಮ ಮಂಗಳೂರಿನಲ್ಲೇ 1844ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರಿಂದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತೆಗೆದುಕೊಂಡಾಗ ಊರಿನಲ್ಲಿ ದೊಡ್ಡ ಗಲಾಟೆ ಎದ್ದಿತು. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. ಅವರು ಮುಂದೆ ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿ ಬಂದು ಬೋಧಕರಾದದ್ದನ್ನು ನಾವು ಸಭೆಗಳಲ್ಲಿ ಖುಷಿಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಹೆತ್ತವರ ಕಡೆಯಿಂದಲೂ ಸ್ವಲ್ಪ ಯೋಚಿಸಿ: ಜಾತಿ, ನಂಟು, ತಮ್ಮ ಉತ್ತರಕ್ರಿಯೆ ಮಾಡಬೇಕಾದ ಮಗ, ಎಲ್ಲ ಒಂದೇ ದಿನ ಕೈತಪ್ಪಿದಂತೆ. ಅಂಥ ಮನೆಯಿಂದ ಬಂದ ಸಿಟ್ಟನ್ನು ದೇವರ ಮೇಲಿನ ದ್ವೇಷ ಅಂತ ಸುಮ್ನೆ ಹಣೆಪಟ್ಟಿ ಹಚ್ಚುವುದು ನನಗೆ ಅನ್ಯಾಯ ಅನಿಸುತ್ತದೆ.

ಬೀಜ ಬೇರೆ ಬೇರೆ ನೆಲದಲ್ಲಿ ಬಿದ್ದ ಕಥೆ, ಅಂದರೆ ಯೇಸು ಹೇಳಿದ ಬಿತ್ತುವವನ ಸಾಮ್ಯ ಓದಿ ಗೆಳೆಯರನ್ನು 'ಇವನು ಬಂಡೆ ನೆಲ, ಅವನು ಮುಳ್ಳು ನೆಲ' ಅಂತ ವಿಂಗಡಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಅದು ಬೇಡ. ಕೇಳುವವನು ತನ್ನ ಮನಸ್ಸು ತಾನೇ ನೋಡಿಕೊಳ್ಳಲಿ ಅಂತ ಯೇಸು ಹೇಳಿದ ಕಥೆ ಅದು, 'ಕೇಳುವುದಕ್ಕೆ ಕಿವಿಯುಳ್ಳವನು ಕೇಳಲಿ' ಅಂತಲೇ ಮುಗಿಯುತ್ತದೆ. ಹೊಸ ಒಡಂಬಡಿಕೆ ತೆಗೆದುಕೊಂಡು ಹೋದ ಗೆಳೆಯ ನಾಳೆ ಬೇಡ ಅನ್ನಬಹುದು, ನಕ್ಕವನೇ ಒಂದು ದಿನ ರಾತ್ರಿ ಫೋನ್ ಮಾಡಬಹುದು. ಯಾರಿಗೆ ಗೊತ್ತು?

ಪ್ರಶ್ನೆ: 'ಆಮೇಲೆ ನೋಡೋಣ' ಅಂದವನನ್ನು ಮತ್ತೆ ಮತ್ತೆ ಕೇಳಬಹುದಾ?
— ಅದೇ ಓದುಗರು

ಉತ್ತರ: ಬೇಡ. ಆ ಮಾತನ್ನು ಎಲ್ಲರೂ ಒಂದೇ ಅರ್ಥದಲ್ಲಿ ಹೇಳುವುದಿಲ್ಲ. ಪೌಲನನ್ನು ಸೆರೆಯಲ್ಲಿಟ್ಟಿದ್ದ ರೋಮನ್ ರಾಜ್ಯಪಾಲ ಫೇಲಿಕ್ಸ ಅವನ ಮಾತಿಗೆ ಹೆದರಿ, ಸಮಯ ಸಿಕ್ಕಾಗ ಕರೆಸುತ್ತೇನೆ ಅಂದ. ಎರಡು ವರ್ಷ ಆಗಾಗ ಕರೆಸಿದ್ದೂ ನಿಜ, ಆದರೆ ಅವನಿಗೆ ಲಂಚದ ಆಸೆಯೂ ಇತ್ತು. ನಿಮ್ಮ ಗೆಳೆಯ ಹಾಗಲ್ಲದೆ ನಿಜವಾಗಿ ಯೋಚಿಸುತ್ತಿರಬಹುದು, ಅಥವಾ ನಿಮ್ಮ ಮನಸ್ಸು ನೋಯಿಸಬಾರದು ಅಂತ ಹಾಗಂದಿರಬಹುದು. ಮಾರ್ಕ 10ರಲ್ಲಿ ತುಂಬ ಆಸ್ತಿಯಿದ್ದ ಒಬ್ಬ ಬೇಸರದಿಂದ ಹೊರಟುಹೋದಾಗ ಯೇಸು ಅವನ ಹಿಂದೆ ಓಡಲಿಲ್ಲ, ಹೇಳಿದ್ದನ್ನು ಸಡಿಲ ಮಾಡಲೂ ಇಲ್ಲ. ಹಾಗಂತ ಅವನ ಮೇಲೆ ಪ್ರೀತಿಯಿರಲಿಲ್ಲ ಅಂತಲ್ಲ, ಪ್ರೀತಿಸಿದ ಅಂತ ಅಲ್ಲೇ ಬರೆದಿದೆ. ನೀವೂ ಸ್ನೇಹ ಮೊದಲಿನಂತೆಯೇ ಇಟ್ಟುಕೊಳ್ಳಿ. ಅವನು ಬೇಡ ಅಂದರೂ ನಿಮ್ಮ ಮನೆಗೆ ಬರುವುದು ತಪ್ಪಬಾರದು. ಅವನೇ ಕೇಳಿದ ದಿನ ಮಾರ್ಕನ ಸುವಾರ್ತೆ ಕೊಡಿ, 16 ಅಧ್ಯಾಯ ಅಷ್ಟೇ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಓದಿ ಅವನು ಏನು ಪ್ರಶ್ನೆ ಕೇಳಿದರೂ ಬೇಜಾರು ಮಾಡಿಕೊಳ್ಳದೆ ಉತ್ತರ ಕೊಡಿ.